ಬಲಕ್ಕೆ ಹೋದ ಗಾಡಿ

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮುದುಕಿಯೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದು, ಯಾರೂ ಕೂರಿ ಅನ್ನುವ ಮೊದಲೇ ಬೆಂಚಿನ ಮೇಲೆ ಕೂತು, "ನನ್ನ ಚಿಕ್ಕ ಮಗನ್ನ ನನ್ನ ಸೊಸೆ ಕೊಂದಳು. ಬರ್ಕೊಳ್ಳಿ" ಎಂದಳು.

ದಫೇದಾರ ತಲೆ ಎತ್ತಿ ನೋಡಿದ. ಸೊಸೆಯರ ಮೇಲಿನ ದೂರುಗಳನ್ನು ಅವನು ಸರ್ವೀಸಿನುದ್ದಕ್ಕೂ ಕೇಳಿದ್ದ. ಉಪ್ಪು ಹೆಚ್ಚಾಯಿತು ಅನ್ನುವುದರಿಂದ ಹಿಡಿದು ಒಡವೆ ಮಾಯವಾಯಿತು ಅನ್ನುವವರೆಗೆ. ಇದು ಆ ಸಾಲಿನದಲ್ಲ ಎಂದು ಮುದುಕಿಯ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಯಾವ ಮಗ ಅಮ್ಮ?"

"ಮಂಗಳವಾರ ಸತ್ತನಲ್ಲ. ಬಟ್ಟೆ ಒಗೆಯೋ ಫ್ಯಾಕ್ಟರೀಲಿ."

ದಫೇದಾರ ಪೆನ್ನು ಕೆಳಗಿಟ್ಟು ಒಳಕೋಣೆಗೆ ಹೋದ. ಇನ್‌ಸ್ಪೆಕ್ಟರ್ ಕೆನ್ನೆಗೆ ಕೈಕೊಟ್ಟು ಕೂತಿದ್ದ. ದವಡೆ ಹಲ್ಲಿನ ಸಿಮೆಂಟು ಉದುರಿಹೋಗಿ ವಾರವಾಗಿತ್ತು. ಡಾಕ್ಟರ ಬಳಿ ಹೋಗಲು ಪುರುಸೊತ್ತಾಗದೆ ಆ ಗುಳಿಯಲ್ಲಿ ಲವಂಗ ಇಟ್ಟುಕೊಂಡೇ ದಿನ ದೂಡುತ್ತಿದ್ದ. ಆ ಕಾರಣಕ್ಕೆ, ಮೊದಲೇ ಕಡಿಮೆಯಿದ್ದ ಅವನ ಮಾತು ಇನ್ನೂ ಚಿಕ್ಕದಾಗಿತ್ತು.

"ಲಾಂಡ್ರಿ ಕೇಸು ಸಾರ್. ತಾಯಿ ಬಂದಿದಾರೆ. ಸೊಸೆ ಮೇಲೆ ಕೊಲೆ ಕೇಸು ಹಾಕಬೇಕಂತೆ."

"ಅಪಘಾತ ಅಂತ ಆಗಲೇ ಬರೆದಿದೀವಲ್ಲ."

"ಅವರಿಗೆ ಅದು ಬೇಡ ಅನ್ಸುತ್ತೆ ಸಾರ್."

ಲಾಂಡ್ರಿ ಅಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಆಸ್ಪತ್ರೆ, ಹೋಟೆಲುಗಳ ಹಾಸುಹೊದಿಕೆಗಳನ್ನು ದಿನವೂ ಲಾರಿಗಟ್ಟಲೆ ಒಗೆಯುವ ಕಾರ್ಖಾನೆ. ಒಗೆದ ಬಟ್ಟೆಯನ್ನು ಅಲ್ಲೊಂದು ಯಂತ್ರ ಹಿಂಡಿ ಬೀಸುಗಲ್ಲಿನಂಥ ಬಿಲ್ಲೆ ಮಾಡುತ್ತದೆ. ಹಳಿಯ ಮೇಲೆ ಓಡುವ ಕಬ್ಬಿಣದ ಗಾಡಿಯೊಂದು ಆ ಬಿಲ್ಲೆಯನ್ನು ಹೊತ್ತುಕೊಂಡು ಹೋಗಿ, ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ದೊಡ್ಡ ಡ್ರಮ್ಮುಗಳ ಬಾಯಿಗೆ ಹಾಕುತ್ತದೆ. ಗಾಡಿ ಓಡಾಡುವ ಜಾಗಕ್ಕೆ ಸುತ್ತ ತಂತಿಬಲೆಯ ಪಂಜರ, ಪಂಜರಕ್ಕೊಂದು ಬಾಗಿಲು. ಗಾಡಿಗೆ ಡ್ರೈವರ್ ಇಲ್ಲ. ಎಲ್ಲಿಗೆ ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನೆಲ್ಲ ಕಂಪ್ಯೂಟರಿನ ಪ್ರೋಗ್ರಾಮು ಹೇಳುತ್ತದೆ.

ಮಂಗಳವಾರ ಮಧ್ಯಾಹ್ನ ಚಾದರವೊಂದು ಹಳಿಗೆ ಸಿಕ್ಕಿಕೊಂಡು ಗಾಡಿ ನಿಂತಿತ್ತು. ಮುದುಕಿಯ ಚಿಕ್ಕ ಮಗ ಅದನ್ನು ಬಿಡಿಸಲು ಪಂಜರದೊಳಗೆ ಹೋದ. ಅವನು ಒಳಗಿರುವಾಗಲೇ ಗಾಡಿ ಹೊರಟಿತು. ಬಲತುದಿಯ ಡ್ರಮ್ಮಿನ ಕಂಬಕ್ಕೂ ಗಾಡಿಗೂ ನಡುವೆ ಅವನು ಸಿಕ್ಕಿಕೊಂಡ. ಸ್ಥಳ ಪಂಚನಾಮೆ ಬರೆಸಿದವನು ಇನ್‌ಸ್ಪೆಕ್ಟರೇ. ಪಂಜರದ ಬಾಗಿಲಿಗೂ ಗುಂಡಿಗಳಿರುವ ಪೆಟ್ಟಿಗೆಗೂ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿಸಿ ಬಂದಿದ್ದ.

ಮುದುಕಿಯ ಹೇಳಿಕೆಯಲ್ಲಿ ಹೊಸದಾಗಿ ಇದ್ದದ್ದು ಇಷ್ಟು. ನಿಂತ ಗಾಡಿ ನೀಲಿ ಗುಂಡಿ ಒತ್ತದೆ ಹೊರಡುವುದಿಲ್ಲ. ಹಾಗೆಂದು ಕಾರ್ಖಾನೆಯ ಮ್ಯಾನೇಜರನೇ ಮನೆಗೆ ಬಂದು ಹೇಳಿದ್ದಾನೆ. ಆ ಹೊತ್ತಿನಲ್ಲಿ ಗುಂಡಿಯ ಮುಂದೆ ನಿಂತಿದ್ದವಳು ಅಲ್ಲೇ ಕೆಲಸಕ್ಕಿದ್ದ ಈ ಸೊಸೆ, ಸತ್ತವನ ಅತ್ತಿಗೆ. ಅತ್ತಿಗೆ ಮೈದುನರಿಗೆ ಒಂದು ವಾರದಿಂದ ಮಾತಿರಲಿಲ್ಲ.

"ಮಾತು ಬಿಟ್ಟಿದ್ದು ಯಾಕೆ?" ಇನ್‌ಸ್ಪೆಕ್ಟರ್ ಕೇಳಿದ.

"ತಿಂದ ತಟ್ಟೆ ತೊಳಿ ಅಂದಳು ಸ್ವಾಮಿ. ದುಡಿದು ಬಂದ ಹುಡುಗನಿಗೆ."

"ಅವರೂ ದುಡಿದೇ ಬಂದಿದ್ದರಲ್ಲ ಅಮ್ಮ?"

ಮುದುಕಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ದೊಡ್ಡ ಮಗ, ಅಂದರೆ ಆ ಸೊಸೆಯ ಗಂಡ, ಒಳಗೆ ಬಾರದೆ ಠಾಣೆಯ ಗೇಟಿನಾಚೆ ಸ್ಕೂಟರಿನ ಮೇಲೆ ಕೂತಿದ್ದ. ದಫೇದಾರ ಹೋಗಿ ಕರೆದರೆ, "ಅಮ್ಮ ಹೇಳಿದ್ದೇ ಬರ್ಕೊಳ್ಳಿ, ನನ್ನನ್ನ ಏನೂ ಕೇಳಬೇಡಿ" ಅಂದನಂತೆ.

ಕೊಲೆ ಎಂದು ಬರೆಯಲಾಗದು, ನಿರ್ಲಕ್ಷ್ಯದಿಂದ ಆದ ಸಾವು ಎಂದು ಬರೆಯುತ್ತೇವೆ ಎಂದು ಮುದುಕಿಗೆ ತಿಳಿಹೇಳುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಸೊಸೆಯ ಹೆಸರು ಬಿತ್ತು.

ಸಂಜೆ ನಾಲ್ಕಕ್ಕೆ ಸೊಸೆಯನ್ನು ಕರೆಸಿದರು. ಒಬ್ಬಳೇ ಬಂದಳು. ತವರಿಂದಲೂ ಯಾರೂ ಬಂದಿರಲಿಲ್ಲ. ಗೆಳತಿಯ ಮನೆಯಲ್ಲಿ ಇದ್ದಾಳೆಂದು ಮಹಿಳಾ ಕಾನ್‌ಸ್ಟೇಬಲ್ ಹೇಳಿದಳು. ಅತ್ತೆ ಬುಧವಾರವೇ ಅವಳ ಬಟ್ಟೆಬರೆಯನ್ನು ಹೊಸಿಲಾಚೆ ಇಟ್ಟಿದ್ದಳು.

"ನೀಲಿ ಗುಂಡಿ ಒತ್ತಿದ್ದು ಯಾರು?"

"ಗೊತ್ತಿಲ್ಲ ಸಾರ್. ನಾನಂತೂ ಒತ್ತಿಲ್ಲ."

"ಅಲ್ಲಿ ಬೇರೆ ಯಾರಿದ್ದರು?"

"ಯಾರೂ ಇರಲಿಲ್ಲ."

"ಹಾಗಾದ್ರೆ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿಮ್ಮ ಮೈದುನ ಒಳಗಿರೋದು ಕಾಣ್ತಿತ್ತಾ?"

"ಕಾಣಲ್ಲ ಸಾರ್. ನಡುವೆ ಕಂಬ ಬರುತ್ತೆ. ಒಳಗೆ ಹೋದೋರು ಹೊರಗೆ ಬಂದು 'ಆಯ್ತು' ಅಂತ ಕೂಗಬೇಕು. ಆಮೇಲೆ ನಾವು ಒತ್ತಬೇಕು. ಅದು ನಮ್ಮಲ್ಲಿ ಮೊದಲಿಂದ ಇರೋ ಕ್ರಮ."

"ಕೂಗಿದನಾ?"

"ನನ್ನ ಹತ್ರ ಮಾತಿಲ್ಲವಲ್ಲ. ಕೂಗೋ ಬದಲು ತಂತಿಗೆ ಕೈಯಲ್ಲಿ ತಟ್ಟುತಿದ್ದ. ವಾರದಿಂದ ಹಾಗೇ." ಅವಳು ಮೂಗು ಒರೆಸಿಕೊಂಡಳು. "ಸೊಕ್ಕು. ಚಿಕ್ಕೋನಿದ್ದಾಗಿಂದ ನೋಡಿದೀನಿ, ಸೋತೆ ಅನ್ನೋ ಮಾತು ಅವನ ಬಾಯಲ್ಲಿ ಬರ್ತಿರಲಿಲ್ಲ."

"ಪಂಜರದ ಬಾಗಿಲು ತೆರೆದಿದ್ರೆ ಗಾಡಿ ಹೊರಡಲ್ಲ ಅಂತಾರಲ್ಲ?"

"ಹೌದು. ಆದ್ರೆ ನಾವು ಒಳಗೆ ಹೋಗಿ ಬಾಗಿಲು ಎಳ್ಕೊಂಬಿಡ್ತೀವಿ."

ಇನ್‌ಸ್ಪೆಕ್ಟರ್ ಲವಂಗವನ್ನು ನಾಲಿಗೆಯಿಂದ ಆಚೆ ತಳ್ಳಿದ. "ಯಾಕೆ?"

"ತೆರೆದಿಟ್ರೆ ಸೈರನ್ ಬಡ್ಕೊಳುತ್ತೆ ಸಾರ್. ಹಿಂದಿರೋ ಒಗೆಯೋ ಯಂತ್ರನೂ ನಿಂತುಬಿಡುತ್ತೆ. ಮ್ಯಾನೇಜರು ಮೇಲಿಂದ ಇಳಿದು ಬಂದು ಎಲ್ಲರ ಮುಂದೆ ಉಗೀತಾರೆ. ಅದಕ್ಕೆ ಎಳ್ಕೊಳೋದು. ಎಲ್ಲರೂ ಹಾಗೇ ಮಾಡೋದು. ನಾನು ಸೇರಿದಾಗ ನನಗೂ ಹಾಗೇ ಹೇಳಿಕೊಟ್ಟರು."

ಅಂದರೆ ಒಳಗಿದ್ದವನ ಜೀವಕ್ಕೆ ಕಾವಲಿದ್ದದ್ದು ಬಾಗಿಲಲ್ಲ. ಹೊರಗಿದ್ದವಳ ಕಿವಿ ಮತ್ತು ಬೆರಳು.

ಶುಕ್ರವಾರ ಇನ್‌ಸ್ಪೆಕ್ಟರ್ ಕಾರ್ಖಾನೆಗೆ ಹೋದ. ಮ್ಯಾನೇಜರ್ ದುಂಡನೆಯ, ಕೈ ಕುಲುಕುವ ಮನುಷ್ಯ. ಕೈಗೆ ಸಿಕ್ಕಿದ್ದನ್ನೆಲ್ಲ ಮೇಜಿನ ಮೇಲೆ ನೇರ ಜೋಡಿಸುತ್ತಾ ಮಾತಾಡುತ್ತಿದ್ದ. ಯಂತ್ರದ ಬಗ್ಗೆ ಹೇಳಲು ತಮ್ಮ ಕಂಟ್ರೋಲ್ ಇಂಜಿನಿಯರನ್ನು ಕರೆಸಿದ. ನಲವತ್ತು ದಾಟಿದ, ಸಣಕಲು ದೇಹದ ಆಳು. ಕೂರುವ ಮೊದಲು ಕುರ್ಚಿಯನ್ನು ಒಂದು ಸಲ ಅಲ್ಲಾಡಿಸಿ ನೋಡಿದ. ಗಾಡಿಯ ಪ್ರೋಗ್ರಾಮು ಬರೆಯುವುದು, ಅದರಿಂದ ಆಗಬಹುದಾದ ಅಪಾಯಗಳನ್ನು ಮೊದಲೇ ಲೆಕ್ಕ ಹಾಕಿ ತಡೆಯುವುದು ಅವನ ಕೆಲಸ.

"ಗಾಡಿ ತಾನಾಗೇ ಹೊರಡುತ್ತಾ?"

"ಇಲ್ಲ."

"ಅಕಸ್ಮಾತ್?"

"ನಿಂತ ಮೇಲೆ ಮನುಷ್ಯರು ಗುಂಡಿ ಒತ್ತಲೇಬೇಕು. ಅದು ಹಾಗೇ ಇರಬೇಕು ಅಂತ ಹಟ ಹಿಡಿದು ಬರೆದಿದ್ದು ನಾನೇ." ಅವನು ಕನ್ನಡಕ ತೆಗೆದು ಒರೆಸಿಕೊಂಡ. ಗಾಜಿನಲ್ಲಿ ಕೊಳೆಯೇನೂ ಇದ್ದಂತೆ ಕಾಣಲಿಲ್ಲ.

"ಆಯಮ್ಮ ಒತ್ತಿಲ್ಲ ಅಂತಾಳೆ."

"ಪಾಪ, ಹಾಗೆ ಅನ್ನಲೇಬೇಕಲ್ಲ" ಎಂದ ಮ್ಯಾನೇಜರ್. ಇಂಜಿನಿಯರ್ ಕನ್ನಡಕ ಮತ್ತೆ ಹಾಕಿಕೊಂಡ.

ಮರಳುವಾಗ ಜೀಪಿನಲ್ಲಿ ದಫೇದಾರ, "ಆ ಇಂಜಿನಿಯರಿಗೆ ಕೆಲಸದೋರು ಅಡ್ಡ ಹೆಸರು ಇಟ್ಟಿದಾರೆ ಸಾರ್, 'ಆದರೆ ಸಾಹೇಬ' ಅಂತ" ಎಂದು ನಕ್ಕ. "ಯಾರು ಏನೇ ಹೇಳಲಿ, ಅವನ ಮಾತು 'ಆದರೆ' ಅಂತಲೇ ಶುರುವಾಗೋದಂತೆ. ಮ್ಯಾನೇಜರು ಮಗಳ ಮದುವೆ ಕಾರ್ಡು ಕೊಟ್ಟರೆ, ಕಲ್ಯಾಣಮಂಟಪಕ್ಕೆ ಹಿಂದಿನ ಬಾಗಿಲು ಇದೆಯಾ, ಬೆಂಕಿ ಬಿದ್ರೆ ಜನ ಎಲ್ಲಿಂದ ಓಡ್ತಾರೆ ಅಂತ ಕೇಳಿದನಂತೆ."

"ಇದೆಯಂತಾ?"

"ಏನು ಸಾರ್?"

"ಹಿಂದಿನ ಬಾಗಿಲು."

"ಅದು ಕೇಳಲಿಲ್ಲ ಸಾರ್."

ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿಕೊಂಡ. ಮನೆಯಿಂದ ಮೂರು ಸಲ ಫೋನು ಬಂದಿತ್ತು. ಹಲ್ಲಿನ ಡಾಕ್ಟರ ಹತ್ತಿರ ತೆಗೆದುಕೊಂಡ ಸಮಯ ಎರಡನೇ ಸಲ ತಪ್ಪಿಹೋಗಿತ್ತು. ಕಳ್ಳತನದ ಎರಡು ಕೇಸು, ಕಾಣೆಯಾದ ಹುಡುಗಿಯ ಕೇಸು ಒಂದು, ಭಾನುವಾರ ಬಂದೋಬಸ್ತು. ಈ ಕೇಸಿನಲ್ಲಿ ಹುಡುಕುವುದಕ್ಕೆ ಏನೂ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಅವನಿಗೂ ಹಾಗೆಯೇ ಅನ್ನಿಸತೊಡಗಿತ್ತು.

ಶನಿವಾರ ಮಧ್ಯಾಹ್ನ ಸೊಸೆ ತಾನಾಗಿಯೇ ಬಂದಳು. ಚೀಲವನ್ನೂ ತಂದಿದ್ದಳು. ಒಂದು ಜೊತೆ ಬಟ್ಟೆ, ಟವೆಲು, ಸೋಪಿನ ಡಬ್ಬಿ.

"ಬರ್ಕೊಳ್ಳಿ ಸಾರ್. ನಾನೇ ಒತ್ತಿರಬೇಕು."

"ಬೇಕು ಅಂದ್ರೆ?"

"ರಾತ್ರಿಯೆಲ್ಲ ಅದೇ ಯೋಚನೆ ಮಾಡಿದೆ. ಅವನು ತಂತಿ ತಟ್ಟಿದ ಸದ್ದು ಕೇಳಿಸ್ತು ಅನ್ಸುತ್ತೆ. ಕೈ ಅಲ್ಲೇ ಇತ್ತು. ಗುಂಡಿ ತಣ್ಣಗಿರುತ್ತೆ ಸಾರ್, ಆ ತಣ್ಣಗಿದ್ದದ್ದು ನೆನಪಿದೆ. ನಾನು ಒತ್ತದೆ ಅದು ಹೇಗೆ ಹೋಗುತ್ತೆ? ಓದಿದೋರು ಎಲ್ಲ ಹೇಳ್ತಿದಾರೆ, ಹೋಗೋದೇ ಇಲ್ಲ ಅಂತ."

"ಯಾರಾದ್ರೂ ಹೀಗೆ ಹೇಳು ಅಂತ ಹೇಳಿಕೊಟ್ರಾ?"

"ಇಲ್ಲ. ನಮ್ಮ ಯಜಮಾನರು ಫೋನು ಮಾಡಿದ್ರು. ಒಪ್ಕೊಂಡ್ರೆ ಅಮ್ಮನಿಗೆ ಸಮಾಧಾನ ಆಗುತ್ತೆ ಅಂದ್ರು. ಕೋಪದಲ್ಲಿ ಅನ್ನಲಿಲ್ಲ ಸಾರ್, ಸುಸ್ತಾಗಿ ಅಂದ್ರು."

ಮಹಿಳಾ ಕಾನ್‌ಸ್ಟೇಬಲ್ ಚೀಲವನ್ನು ಬೆಂಚಿನ ಕೆಳಗೆ ಸರಿಸಿಟ್ಟಳು. ದಫೇದಾರ ಇನ್‌ಸ್ಪೆಕ್ಟರನ ಕಿವಿಯ ಹತ್ತಿರ ಬಾಗಿದ.

"ಮುಗೀತಲ್ಲ ಸಾರ್. ಸೋಮವಾರ ಕೋರ್ಟಿಗೆ ಹಾಜರು ಮಾಡಿದ್ರೆ ಜಾಮೀನು ಸಿಗುತ್ತೆ. ಆಯಮ್ಮನಿಗೂ ಒಳ್ಳೇದು, ನಮಗೂ ಒಳ್ಳೇದು."

ಮುಗಿಯಿತು ಎಂದೇ ಇನ್‌ಸ್ಪೆಕ್ಟರನೂ ಅಂದುಕೊಂಡ. ಅಷ್ಟು ದಣಿದಿದ್ದ. ಒಂದೇ ಒಂದು ಶಾಸ್ತ್ರ ಬಾಕಿ ಇತ್ತು. ಗುಂಡಿ ಒತ್ತಿದರೆ ಗಾಡಿ ಹೋಗಿ ಬಡಿಯುತ್ತದೆ ಎಂದು ಪಂಚರ ಮುಂದೆ ತೋರಿಸಿ, ಪಂಚನಾಮೆ ಬರೆಸಿ ಫೈಲಿಗೆ ಸೇರಿಸಬೇಕು. ಅದಿಲ್ಲದಿದ್ದರೆ ಸರ್ಕಾರಿ ವಕೀಲರು ಫೈಲು ವಾಪಸು ಎಸೆಯುತ್ತಾರೆ.

"ಈವತ್ತು ಬಂಧನ ಬೇಡ" ಎಂದ. "ಸೋಮವಾರ ಬೆಳಿಗ್ಗೆ ಅಲ್ಲಿಗೇ ಬನ್ನಿ. ಅದು ಮುಗಿಸಿಕೊಂಡು ಕೋರ್ಟಿಗೆ ಹೋಗೋಣ."

"ಚೀಲ ಇಲ್ಲೇ ಇರಲಾ ಸಾರ್?"

"ತಗೊಂಡು ಹೋಗಮ್ಮ."

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅರಗಿನ ಮುದ್ರೆ ಒಡೆದರು. ಮುದ್ರೆ ಹೊಸದರಂತೆ ಇತ್ತು. ದಫೇದಾರ ಅದನ್ನು ಪಂಚರಿಬ್ಬರಿಗೂ ತೋರಿಸಿದ. ಇಬ್ಬರೂ ಪಕ್ಕದ ಗ್ಯಾರೇಜಿನವರು, ಕೈಗೆ ಗ್ರೀಸು ಅಂಟಿಸಿಕೊಂಡೇ ಬಂದಿದ್ದರು. ಒಳಗೆ ಬಿಸಿ ಬಟ್ಟೆಯ, ಬ್ಲೀಚಿನ ವಾಸನೆ. ಒಣಗಿದ ಬಟ್ಟೆಯ ಜುಂಗು ಕಂಬ, ತೊಲೆ, ತಂತಿಬಲೆಗಳ ಮೇಲೆಲ್ಲ ಬೂದು ಬಣ್ಣದ ಹತ್ತಿಯಂತೆ ಕೂತಿತ್ತು. ಬಲತುದಿಯ ಕಂಬದ ಮೇಲೆ ಮಾತ್ರ ಜುಂಗಿರಲಿಲ್ಲ. ಪಂಚನಾಮೆ ಮುಗಿದು ಮುದ್ರೆ ಬೀಳುವ ಮೊದಲು ಯಾರೋ ಅಲ್ಲಿ ತೊಳೆದಿದ್ದರು. ತೊಳೆದದ್ದು ಎದ್ದು ಕಾಣುತ್ತಿತ್ತು.

ಮನುಷ್ಯನ ತೂಕದಷ್ಟು ಒದ್ದೆ ಬಟ್ಟೆ ತುಂಬಿದ ಮೂಟೆಯೊಂದನ್ನು ಕಾನ್‌ಸ್ಟೇಬಲ್‌ಗಳು ಹೊತ್ತು ತಂದು, ಗಾಡಿಯ ಬಲಕ್ಕೆ, ಸತ್ತವನು ನಿಂತಿದ್ದ ಜಾಗದಲ್ಲಿ ನಿಲ್ಲಿಸಿದರು. ಮಂಗಳವಾರ ನಿಂತಿದ್ದ ಹಳಿಯ ಮಧ್ಯಕ್ಕೇ ಗಾಡಿಯನ್ನೂ ತಂದು ನಿಲ್ಲಿಸಿದರು. ಬಾಗಿಲು ಎಳೆದರು. ಸೊಸೆ ಪೆಟ್ಟಿಗೆಯ ಮುಂದೆ ಬಂದು ನಿಂತಳು. ಮ್ಯಾನೇಜರ್, ಇಂಜಿನಿಯರ್ ಇಬ್ಬರೂ ಸ್ವಲ್ಪ ದೂರದಲ್ಲಿದ್ದರು.

"ಒತ್ತಿ."

ಅವಳು ಕಣ್ಣು ಮುಚ್ಚಿ ಒತ್ತಿದಳು.

ಪೀಪಿಯ ಸದ್ದು ಉದ್ದಕ್ಕೆ ಕೇಳಿಸಿತು. ಆಮೇಲೆ ಗಾಡಿ ಅಲುಗಿ, ಆಮೆಯ ಹಾಗೆ ನಿಧಾನವಾಗಿ ಎಡಕ್ಕೆ ಹೊರಟಿತು. ಎಡತುದಿ ಮುಟ್ಟಿ ಅಲ್ಲಿ ನಿಂತಿತು. ಮೂಟೆ ಇದ್ದಲ್ಲೇ ಇತ್ತು.

ಪಂಚರಲ್ಲೊಬ್ಬ, "ಏನೂ ಆಗಲಿಲ್ಲವಲ್ಲ" ಎಂದ.

"ಇದು ಯಾಕೆ ಎಡಕ್ಕೆ ಹೋಯಿತು?" ಇನ್‌ಸ್ಪೆಕ್ಟರ್ ಕೇಳಿದ.

ಬಟ್ಟೆ ಮಡಿಸುವ ಮೇಜಿನಿಂದ ಹೆಂಗಸೊಬ್ಬಳು ಅಂದಳು: "ಅದು ಯಾವಾಗಲೂ ಹಾಗೇ ಸಾರ್. ಗುಂಡಿ ಒತ್ತಿದ್ರೆ ಮೊದಲು ಮನೆಗೆ ಹೋಗುತ್ತೆ. ಆ ಎಡದ ತುದಿಗೆ ನಾವು ಮನೆ ಅಂತೀವಿ. ಮನೆ ಮುಟ್ಟಿಕೊಂಡೇ ಆಮೇಲೆ ಕೆಲಸಕ್ಕೆ ಬರೋದು."

"ಇನ್ನೊಂದು ಸಲ."

ಗಾಡಿಯನ್ನು ಮತ್ತೆ ಮಧ್ಯಕ್ಕೆ ತಂದು ನಿಲ್ಲಿಸಿದರು. ಸೊಸೆ ಈ ಸಲ ಕಣ್ಣು ತೆರೆದೇ ಒತ್ತಿದಳು. ಪೀಪಿ. ಎಡಕ್ಕೆ.

ಇನ್‌ಸ್ಪೆಕ್ಟರ್ ಪಂಜರದೊಳಗೆ ಹೋಗಿ, ತೊಳೆದ ಕಂಬದ ಪಕ್ಕ ನಿಂತ. ಇಲ್ಲಿಗೂ ಗಾಡಿಗೂ ನಡುವೆ ಈಗ ಇಡೀ ಹಳಿ ಖಾಲಿ ಬಿದ್ದಿತ್ತು. ಗುಂಡಿ ಒತ್ತಿದ್ದರೆ ಗಾಡಿ ಹುಡುಗನಿಂದ ದೂರ ಹೋಗಬೇಕಿತ್ತು, ಅದೂ ಪೀಪಿ ಊದುತ್ತಾ. ಅವನು ಆರಾಮವಾಗಿ ಬಾಗಿಲು ತೆರೆದು ಆಚೆ ಬಂದು ಅತ್ತಿಗೆಯ ಮುಖ ನೋಡದೆ ಹೋಗಿಬಿಡುತ್ತಿದ್ದ. ಈವತ್ತು ಓಡಿದ್ದು ಅವತ್ತು ಓಡಿದ ಗಾಡಿಯಲ್ಲ. ಕಬ್ಬಿಣ ಅದೇ, ಹಳಿ ಅದೇ, ಮುದ್ರೆಯೂ ಅದೇ.

"ಮಂಗಳವಾರ ಪೀಪಿ ಕೇಳಿಸಿತ್ತಾ?" ಒಳಗಿಂದಲೇ ಕೂಗಿ ಕೇಳಿದ.

ಸೊಸೆ ಗುಂಡಿಯಿಂದ ಕೈ ತೆಗೆದಳು. "ಇಲ್ಲ" ಅಂದಳು. "ಇಲ್ಲ ಸಾರ್. ಊದಲೇ ಇಲ್ಲ."

"ಮ್ಯಾನೇಜರೇ, ಈ ಗಾಡಿ ಪೀಪಿ ಊದದೆ ಸೀದಾ ಬಲಕ್ಕೆ ಹೋಗೋ ಹಾಗೆ ಮಾಡೋಕೆ ಬರುತ್ತಾ?"

ಮ್ಯಾನೇಜರ್ ಇಂಜಿನಿಯರನ ಕಡೆ ತಿರುಗಿದ. ಬಾಯಿಗೆ ಬಂದದ್ದನ್ನು ತಡೆದುಕೊಳ್ಳುವಷ್ಟು ಹೊತ್ತು ಅವನಿಗೆ ಸಿಗಲಿಲ್ಲ.

"ಹೊಸ ಪ್ರೋಗ್ರಾಮು ಹಾಕಿರಲೇ ಇಲ್ಲ ಅಂದೆಯಲ್ಲೋ ನನ್ನ ಹತ್ರ?"

ಇಂಜಿನಿಯರ್ ಗೋಡೆ ಹಿಡಿದು ಕೆಳಗೆ ಕೂತ. ಈ ಸಲ ಕೂರುವ ಜಾಗವನ್ನು ನೋಡಿಕೊಳ್ಳಲಿಲ್ಲ.

ಅವನ ಕೋಣೆ ಮಹಡಿಯ ಮೇಲಿತ್ತು. ಅಲ್ಲಿನ ಕಂಪ್ಯೂಟರಿನಿಂದ ಹೊರಟ ತಂತಿಯೊಂದು ನೆಲದೊಳಗಿನಿಂದ ಇಳಿದು ಗುಂಡಿಗಳಿರುವ ಪೆಟ್ಟಿಗೆಗೆ ಹಿಂದಿನಿಂದ ಸೇರಿತ್ತು. ಮುಂದಿನ ಬಾಗಿಲಿಗೆ ಅರಗು ಹಾಕಿಸಿ ಹೋದ ಇನ್‌ಸ್ಪೆಕ್ಟರ್ ಆ ತಂತಿಯನ್ನು ಬಹಳ ಹೊತ್ತು ನೋಡಿದ. ದಫೇದಾರನೂ ನೋಡಿದ.

"ನಾವು ಕಬ್ಬಿಣಕ್ಕೆ ಮುದ್ರೆ ಹಾಕಿದ್ವಿ ಸಾರ್" ಎಂದ ದಫೇದಾರ.

"ಗೊತ್ತಾಯ್ತು ಬಿಡಿ."

ಕಂಪ್ಯೂಟರ್ ಜಪ್ತಿಯಾಯಿತು. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲು ಮೂಟೆ ಕಟ್ಟಿದರು. ಹೊಸ ಪ್ರೋಗ್ರಾಮನ್ನು ಮಂಗಳವಾರ ಬೆಳಿಗ್ಗೆ ಹಾಕಿದ್ದು, ಅದೇ ಸಂಜೆ ತೆಗೆದು ಹಳೆಯದನ್ನು ಹಾಕಿದ್ದು ಎರಡನ್ನೂ ಯಂತ್ರ ತನ್ನೊಳಗೆ ಗುರುತು ಇಟ್ಟುಕೊಂಡಿರುತ್ತದೆ ಎಂದು ಇಂಜಿನಿಯರನೇ ಹೇಳಿದ. ಮುಚ್ಚಿಡಲು ಅವನಿಗೂ ಶಕ್ತಿ ಉಳಿದಿರಲಿಲ್ಲ.

ಠಾಣೆಯಲ್ಲಿ ವಿಚಾರಣೆ ಮಧ್ಯಾಹ್ನ ಶುರುವಾಯಿತು.

"ಹೊಸ ಪ್ರೋಗ್ರಾಮು ಏನು ಮಾಡ್ತಿತ್ತು?"

"ಗುಂಡಿ ಬೇಕಿರಲಿಲ್ಲ. ಬಾಗಿಲು ಮುಚ್ಚಿದ್ದು, ಹಳಿಯ ಮೇಲಿನ ಕಣ್ಣಿಗೆ, ಅಂದರೆ ಸೆನ್ಸಾರಿಗೆ, ಅಡ್ಡ ಏನೂ ಇಲ್ಲದಿದ್ರೆ ಸ್ವಲ್ಪ ಹೊತ್ತು ಕಾದು ಗಾಡಿ ತಾನೇ ಹೊರಡ್ತಿತ್ತು. ಮನೆಗೂ ಹೋಗದೆ, ನಿಂತಲ್ಲಿಂದಲೇ ಮುಂದಕ್ಕೆ, ಅವತ್ತು ಬಲತುದಿಯ ಡ್ರಮ್ಮಿಗೆ. ಪೀಪಿನೂ ಇಲ್ಲ. ದಿನಕ್ಕೆ ಹತ್ತಾರು ಸಲ ನಿಲ್ಲುತ್ತೆ, ಪ್ರತಿ ಸಲ ಮನೆಗೆ ಹೋಗಿ ಬರೋಕೆ ಸಮಯ ದಂಡ ಅಂತ ಮ್ಯಾನೇಜರಿಗೆ ಸಿಟ್ಟು."

"ಹುಡುಗ ಚಾದರ ಬಿಡಿಸಿದ ತಕ್ಷಣ..."

"ಕಣ್ಣು ಖಾಲಿಯಾಯ್ತು. ಅದು ಹಳಿಯನ್ನಷ್ಟೇ ನೋಡುತ್ತೆ, ಪಕ್ಕದಲ್ಲಿ ನಿಂತ ಮನುಷ್ಯ ಅದಕ್ಕೆ ಕಾಣಲ್ಲ. ಬಾಗಿಲು ಅವನೇ ಮುಚ್ಚಿಕೊಂಡಿದ್ದ. ಒಳಗೆ ಯಾರೂ ಇಲ್ಲ ಅಂತ ಗಾಡಿ ತಿಳ್ಕೊಂಡಿತು."

"ಕೆಲಸದವರು ಬಾಗಿಲು ಎಳ್ಕೊಂಡು ಒಳಗೆ ಹೋಗ್ತಾರೆ ಅಂತ ನಿಮಗೆ ಗೊತ್ತಿತ್ತಾ?"

ಇಂಜಿನಿಯರ್ ಕುರ್ಚಿಯ ತುದಿಗೆ ಸರಿದು ಕೂತ.

"ಗೊತ್ತಿತ್ತು. ಅದಕ್ಕೇ ಮೊದಲು ಗುಂಡಿ ಇಡಿಸಿದ್ದು. ನನ್ನ ಕೆಲಸವೇ ಅದು ಸಾರ್. ಪ್ರತಿಯೊಂದು ಚಲನೆಗೂ ಕೂತು ಯೋಚಿಸಬೇಕು. ಬೇಡದಾಗ ಬಂದರೆ ಏನಾಗುತ್ತೆ, ಬೇಕಾದಾಗ ಬರದೇ ಇದ್ರೆ ಏನಾಗುತ್ತೆ, ಬೇಗ ಬಂದ್ರೆ, ತಡವಾಗಿ ಬಂದ್ರೆ. ಪುಸ್ತಕದಲ್ಲಿರೋ ಹಾಗಲ್ಲ, ಜನ ನಿಜವಾಗಿ ಹೇಗೆ ಕೆಲಸ ಮಾಡ್ತಾರೋ ಹಾಗೆ. ಬಾಗಿಲು ಮುಚ್ಚಿದೆ ಅಂದರೆ ಒಳಗೆ ಯಾರೂ ಇಲ್ಲ ಅಂತಲ್ಲ. ಇದನ್ನ ನಾನೇ ಎಷ್ಟೋ ಮೀಟಿಂಗಲ್ಲಿ ಹೇಳಿದೀನಿ."

"ಈ ಸಲ?"

"ಹೇಳಲಿಲ್ಲ."

"ಮ್ಯಾನೇಜರ್ ಹೆದರಿಸಿದರಾ?"

"ಇಲ್ಲ."

"ಬಡ್ತಿ ಗಿಡ್ತಿ?"

"ಅಯ್ಯೋ ಇಲ್ಲ." ಅವನು ಮೊದಲ ಸಲ ನಕ್ಕಂತೆ ಮಾಡಿದ. "ಅವತ್ತು ಮೀಟಿಂಗಲ್ಲಿ ಎಲ್ಲರೂ ನನ್ನ ಮುಖ ನೋಡಿದ್ರು. ಈಗ ಶುರು ಮಾಡ್ತಾನೆ ನೋಡು ಅಂತ ಒಬ್ಬ ಇನ್ನೊಬ್ಬನಿಗೆ ಕಣ್ಣು ಹೊಡೆದ. ಹತ್ತು ವರ್ಷದಿಂದ ಅದೇ ನೋಟ ಸಾರ್. ಮನೇಲೂ ಅದೇ. ನಾನು ಬಾಯಿ ತೆರೆದ್ರೆ ಎಲ್ಲರ ಮುಖ ಇಳಿದುಹೋಗುತ್ತೆ. ನಾನು ಹೇಳಿದ್ದು ತಪ್ಪು ಅಂತ ಯಾರೂ ಅಂದಿಲ್ಲ. ಹೇಳೋದೇ ಯಾಕೆ ಅಂತ ಅಷ್ಟೆ. ಸಾಕಾಗಿತ್ತು. ಒಂದು ಸಲ 'ಆಗಲಿ' ಅಂದುಬಿಟ್ಟೆ. ಮ್ಯಾನೇಜರ್ ಎದ್ದು ಬಂದು ಬೆನ್ನು ತಟ್ಟಿದರು. ಅವತ್ತು ಊಟಕ್ಕೆ ತಮ್ಮ ಮೇಜಿಗೆ ಕರೆದರು. ನಾನು ಅಲ್ಲಿಯವರೆಗೂ ಕಿಟಕಿ ಹತ್ರ ಒಬ್ಬನೇ ಕೂತು ತಿಂತಿದ್ದೆ."

ದಫೇದಾರ ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿ, ಇದನ್ನೂ ಬರೆಯಬೇಕೇ ಎಂದು ಇನ್‌ಸ್ಪೆಕ್ಟರನ ಕಡೆ ನೋಡಿದ. ಇನ್‌ಸ್ಪೆಕ್ಟರ್ ಹೌದೆಂದು ತಲೆಯಾಡಿಸಿದ.

"ಹಳೇದನ್ನ ವಾಪಸು ಹಾಕಿದ್ದು ಸಾಕ್ಷಿ ಅಳಿಸೋಕೆ."

"ಇಲ್ಲ ಸಾರ್. ನೀವು ನಂಬಲ್ಲ. ಹೆಣ ಎತ್ತಿಕೊಂಡು ಹೋದ ಮೇಲೆ, ಇನ್ನೊಬ್ಬ ಯಾರಾದ್ರೂ ಒಳಗೆ ಹೋದ್ರೆ ಅಂತ ಭಯ ಆಯ್ತು. ಓಡಿ ಹೋಗಿ ತೆಗೆದೆ. ಅದು ನಿಜ. ತೆಗೆದು ಎದ್ದೆ, ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ರು. 'ಹೊಸದು ಹಾಕಿದ್ದೆಯಾ?' ಅಂದ್ರು. 'ಇನ್ನೂ ಇಲ್ಲ' ಅಂದೆ. ಅವರೂ ಉಸಿರು ಬಿಟ್ಟರು. ಮತ್ತೆ ಕೇಳಲಿಲ್ಲ."

"ಆ ಹೆಣ್ಣುಮಗಳ ಮೇಲೆ ಕೇಸು ಬಿತ್ತು. ಆವಾಗ?"

"ಎರಡು ದಿನ ಊಟ ಸೇರಲಿಲ್ಲ."

"ಮೂರನೇ ದಿನ?"

ಅವನು ಕನ್ನಡಕ ತೆಗೆದ. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡ.

"ಸೇರಿತು."

ಸಂಜೆ ಐದೂ ಇಪ್ಪತ್ತಕ್ಕೆ ಬಂಧನದ ಜ್ಞಾಪನಕ್ಕೆ ಅವನ ಸಹಿ ತೆಗೆದುಕೊಂಡರು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ, ಸುಳ್ಳು ಮಾಹಿತಿ. ಬಂಧನದ ಸುದ್ದಿಯನ್ನು ಹೆಂಡತಿಗೆ ಫೋನಿನಲ್ಲಿ ತಿಳಿಸಿದಾಗ ಆಕೆ, "ಅವರಾ? ಅವರು ರಸ್ತೆ ದಾಟೋಕೆ ಮೂರು ಸಲ ನೋಡೋರು" ಎಂದಳು. ಆಮೇಲೆ ಲೈನು ಕಟ್ಟಾಯಿತು. ಮ್ಯಾನೇಜರನಿಗೆ ನೋಟೀಸು ಹೋಯಿತು. ಅವನು ವಕೀಲರ ಜೊತೆಯಲ್ಲೇ ಬಂದು, ಮೇಜಿನ ಮೇಲಿದ್ದ ಪೆನ್ನುಗಳನ್ನು ನೇರ ಜೋಡಿಸಿ, ತನಗೆ ತಾಂತ್ರಿಕ ವಿಷಯ ತಿಳಿಯದು ಎಂದು ಹೇಳಿಕೆ ಕೊಟ್ಟು ಹೋದ.

ಸೊಸೆ ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದಿಂದ ಕೂತಿದ್ದಳು. ಇನ್‌ಸ್ಪೆಕ್ಟರ್ ಅವಳೆದುರು ನಿಂತು, ಆರೋಪಿ ಸ್ಥಾನದಿಂದ ಅವಳ ಹೆಸರು ಕೈಬಿಡಲು ಕೋರ್ಟಿಗೆ ವರದಿ ಕೊಡುವುದಾಗಿ ಹೇಳಿದ.

"ನಾನು ಒತ್ತಿಲ್ವಾ ಸಾರ್?"

"ಇಲ್ಲ."

"ಸರಿಯಾಗಿ ನೋಡಿದ್ರಾ?"

"ನೋಡಿದೆ."

ಅವಳು ತನ್ನ ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. "ಇದಕ್ಕೆ ಒತ್ತಿದ ನೆನಪಿದೆಯಲ್ಲ, ಅದನ್ನೇನು ಮಾಡಲಿ?"

ಇನ್‌ಸ್ಪೆಕ್ಟರ್ ಬಗ್ಗಿ ಬೆಂಚಿನ ಕೆಳಗಿದ್ದ ಚೀಲವನ್ನು ಅವಳತ್ತ ಸರಿಸಿದ. ಅವಳು ಚೀಲ ಎತ್ತಿಕೊಂಡಳು. "ಅತ್ತೆಗೆ ನೀವೇ ಬಂದು ಹೇಳಬೇಕು ಸಾರ್. ನಾನು ಹೇಳಿದ್ರೆ ನಂಬಲ್ಲ."

ಜೀಪು ಮನೆಯ ಮುಂದೆ ನಿಂತಾಗ ಇನ್ನೂ ಬೆಳಕಿತ್ತು. ಎರಡು ಕೋಣೆಯ ಮನೆ. ಗೋಡೆಗೆ ಒರಗಿಸಿದ ಫೋಟೋದ ಮುಂದೆ ಮುದುಕಿ ಕಾಲು ಚಾಚಿ ಕೂತಿದ್ದಳು. ದೊಡ್ಡ ಮಗ ಎದ್ದು ಕುರ್ಚಿ ಕೊಟ್ಟ. ಸೊಸೆ ಹೊಸಿಲಾಚೆಯೇ ನಿಂತಳು. ಯಾರೂ ಒಳಗೆ ಬಾ ಅನ್ನಲಿಲ್ಲ, ಯಾರೂ ಹೋಗು ಅನ್ನಲೂ ಇಲ್ಲ.

ಇನ್‌ಸ್ಪೆಕ್ಟರ್ ಹೇಳಿದ. ಹಲ್ಲು ಸಿಡಿಯುತ್ತಿತ್ತು, ಆದಷ್ಟು ಚಿಕ್ಕದಾಗಿ ಹೇಳಿದ. ನಿಮ್ಮ ಸೊಸೆ ಗುಂಡಿ ಮುಟ್ಟಲಿಲ್ಲ, ಇಂಜಿನಿಯರನ್ನು ಬಂಧಿಸಿದ್ದೇವೆ.

"ಹಾಗಾದ್ರೆ ಗುಂಡಿ ಒತ್ತಿದ್ದು ಅವನಾ?"

"ಅವನು ಮಹಡಿ ಮೇಲಿದ್ದ ಅಮ್ಮ. ಯಾರೂ ಒತ್ತಲಿಲ್ಲ."

"ಯಾರೂ ಒತ್ತದೆ ನನ್ನ ಮಗ ಹೆಂಗೆ ಸಾಯ್ತಾನೆ?"

"ಅದೇ ಅಮ್ಮ ತಪ್ಪಾಗಿದ್ದು. ಯಾರಾದರೂ ಒತ್ತೋವರೆಗೂ ಅದು ಕಾಯಬೇಕಿತ್ತು. ಕಾಯೋದನ್ನ ತೆಗೆದುಹಾಕಿದ್ರು."

ಮುದುಕಿ ಅವನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಲಿಲ್ಲ ಅನ್ನುವುದು ಸ್ಪಷ್ಟವಾಗಿತ್ತು. ಐದು ದಿನದಿಂದ ಬೈಯಲು ಅವಳಿಗೊಂದು ಮುಖವಿತ್ತು. ದಿನವೂ ತನ್ನ ಅಡುಗೆಮನೆಯಲ್ಲಿ ಕಂಡ ಮುಖ. ಈಗ ಅದನ್ನು ಕಿತ್ತುಕೊಂಡು, ಯಾವತ್ತೂ ನೋಡದ ಯಾರದೋ ಹೆಸರು ಹೇಳುತ್ತಿದ್ದರು.

ಅವಳು ಬಾಗಿಲ ಕಡೆ ತಿರುಗಿದಳು.

"ನಿನಗೆ ತಿಳೀತೇನೇ ಇವರು ಹೇಳಿದ್ದು?"

"ತಿಳೀತು ಅತ್ತೆ" ಎಂದಳು ಸೊಸೆ ಆಚೆಯಿಂದ.

"ಹಾಗಾದ್ರೆ ಅಲ್ಲಿ ಕಂಬದ ಹಾಗೆ ನಿಂತಿರೋದ್ಯಾಕೆ? ಬಂದು ನನಗೂ ತಿಳಿಯೋ ಹಾಗೆ ಹೇಳು."

ಸೊಸೆ ಚಪ್ಪಲಿ ಬಿಟ್ಟಳು. ಇನ್‌ಸ್ಪೆಕ್ಟರ್ ಎದ್ದು, ಅವಳಿಗೆ ಕುರ್ಚಿ ಬಿಟ್ಟುಕೊಟ್ಟ.